ಚರ್ಚಿನೊಳಗೆ ರಮಾಬಾಯಿ ಕೇಳಿದ ಪ್ರಶ್ನೆಗಳು

ಕಾರ್ಕಳದ ಕಡೆಯವರಿಗೆ ಚರ್ಚು ಹೊಸದೇನಲ್ಲ. ಜನವರಿ ಬಂತೆಂದರೆ ಅತ್ತೂರಿನ ಸಾಂತ್ ಮಾರಿ. ಚಿಕ್ಕವಳಿದ್ದಾಗ ಅಮ್ಮನ ಕೈ ಹಿಡಿದು ಹೋಗಿ, ಉದ್ದ ಸಾಲಿನಲ್ಲಿ ನಿಂತು, ಸಂತ ಲಾರೆನ್ಸರ ಮುಂದೆ ಮೇಣದಬತ್ತಿ ಹಚ್ಚಿ, ಹೊರಗೆ ಬಂದು ಬಳೆ ಅಂಗಡಿ, ಚುರುಮುರಿ ಎಲ್ಲ ಮುಗಿಸಿಕೊಂಡು ಕೊನೆಯ ಬಸ್ಸಿಗೆ ಮನೆಗೆ ಬರುತ್ತಿದ್ದೆವು. ಅಲ್ಲಿ ನಮ್ಮ ಜಾತಿ, ದೇವರು ಯಾವುದೆಂದು ಯಾರೂ ಕೇಳಿದ್ದಿಲ್ಲ. ಹಾಗಾಗಿ ಬ್ಯಾಂಕ್ ಪರೀಕ್ಷೆಯ ಕೋಚಿಂಗ್‌ಗೆಂದು ಬೆಂಗಳೂರಿಗೆ ಬಂದ ಮೇಲೆ, ಪಿ.ಜಿ.ಯ ರೂಮ್‌ಮೇಟ್ ಒಂದು ಭಾನುವಾರ ತನ್ನ ಚರ್ಚಿಗೆ ಕರೆದಾಗ ಹೆಚ್ಚು ಯೋಚಿಸದೆ ಹೊರಟುಬಿಟ್ಟೆ.

ಅದು ಬೇರೆಯೇ ಲೋಕ. ಯಾವಾಗ ಏಳಬೇಕು, ಯಾವಾಗ ಕೂರಬೇಕು, ಯಾವ ಪುಟ ತೆಗೆಯಬೇಕು ಒಂದೂ ತಿಳಿಯದು. ಪಕ್ಕದವರನ್ನು ನೋಡಿಕೊಂಡು ಎಲ್ಲರಿಗಿಂತ ಅರ್ಧ ನಿಮಿಷ ತಡವಾಗಿ ಏಳುತ್ತಿದ್ದೆ. ಕೊನೆಯಲ್ಲಿ ಹೊಸಬರು ಎದ್ದು ನಿಲ್ಲಬೇಕೆಂದರು. ನಿಂತೆ. ಎಲ್ಲರೂ ಚಪ್ಪಾಳೆ ಹೊಡೆದರು, ಒಂದು ಚೀಟಿ ಕೊಟ್ಟು ಹೆಸರು, ಫೋನ್ ನಂಬರ್, ಪ್ರಾರ್ಥನೆಯ ಕೋರಿಕೆ ಬರೆಯಿರಿ ಎಂದರು. ಪ್ರಿಲಿಮ್ಸ್ ಎಂದು ಬರೆದೆ.

ಮೂರು ತಿಂಗಳು ಹೋದೆ. ಸುಳ್ಳೇಕೆ ಹೇಳಲಿ, ಊಟ ಆಯಿತಾ ಎಂದು ಕೇಳುವವರಿಲ್ಲದ ಊರಿನಲ್ಲಿ ಅದು ದೊಡ್ಡ ಆಸರೆಯಾಗಿತ್ತು. ಡೆಂಗಿ ಜ್ವರದಲ್ಲಿ ಮಲಗಿದ್ದಾಗ ಅಲ್ಲಿಯ ಆಂಟಿಯೊಬ್ಬರು ಎರಡು ಬಸ್ ಬದಲಿಸಿ ಗಂಜಿ ತಂದುಕೊಟ್ಟಿದ್ದರು. ಆದರೆ ವಾರದ ಮಧ್ಯೆ ನಡೆಯುವ ಬೈಬಲ್ ಅಧ್ಯಯನದಲ್ಲಿ ನಾನು ಪ್ರಶ್ನೆ ಕೇಳತೊಡಗಿದೆ. ಮೊದಲ ಸಲ ಎಲ್ಲರೂ ನಕ್ಕರು. ಎರಡನೇ ಸಲ ವಿವರಿಸಿದರು. ಮೂರನೇ ಸಲ ಗುಂಪು ನಡೆಸುತ್ತಿದ್ದವರು ಮೊದಲು ನಂಬು, ಆಮೇಲೆ ಅರ್ಥವಾಗುತ್ತದೆ ಎಂದು ಹೇಳಿ ಪುಟ ತಿರುಗಿಸಿದರು. ಆಮೇಲೆ ವಾರವಾರದ ಫೋನ್ ಕರೆಗಳು ನಿಂತವು. ಬರಬೇಡ ಎಂದು ಯಾರೂ ಹೇಳಲಿಲ್ಲ. ನನಗೇ ಹೋಗಲು ಮನಸ್ಸಾಗಲಿಲ್ಲ.

ಆ ದಿನಗಳಲ್ಲೇ ಸಾಮಾನ್ಯ ಜ್ಞಾನದ ನೋಟ್ಸ್‌ನಲ್ಲಿ ಪಂಡಿತಾ ರಮಾಬಾಯಿ ಎಂಬ ಹೆಸರು ಎದುರಾಯಿತು. ಸಮಾಜ ಸುಧಾರಕರ ಪಟ್ಟಿಯಲ್ಲಿ ಒಂದೇ ಸಾಲು: ಶಾರದಾ ಸದನ, 1889. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಇಡೀ ಬದುಕು ಹೀಗೆಯೇ ಒಂದು ಇಸವಿಯಾಗಿ ಸಿಗುವುದು. ಹುಟ್ಟಿದ ಊರು ನೋಡಿದಾಗ ಮಾತ್ರ ಬೆಚ್ಚಿದೆ. ಆಕೆಯ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ನಮ್ಮ ಕಾರ್ಕಳ ತಾಲ್ಲೂಕಿನ ಮಾಳದವರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಘಟ್ಟದ ಮೇಲೆ, ತುಂಗಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ಕುದುರೆಮುಖಕ್ಕೆ ಹೋಗುವ ಬಸ್ಸಿನಲ್ಲಿ ಎಷ್ಟೋ ಸಲ ಮಾಳ ದಾಟಿದ್ದೇನೆ, ಈ ಹೆಸರು ನನಗೆ ಯಾರೂ ಹೇಳಿರಲಿಲ್ಲ.

ಕಾಡಿಗೆ ಅವರು ಹೋದದ್ದಕ್ಕೆ ಕಾರಣವಿತ್ತು. ಶಾಸ್ತ್ರಿಗಳು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಲು ಹೊರಟಿದ್ದರು. ಹೆಣ್ಣಿಗೆ ದೇವಭಾಷೆ ಕಲಿಸುವುದನ್ನು ಸುತ್ತಲಿನವರು ಸಹಿಸಲಿಲ್ಲ. ಗಂಡ ಹೆಂಡತಿ ಕಾಡಿನಲ್ಲಿ ಮನೆ ಕಟ್ಟಿಕೊಂಡರು. ಆ ತಾಯಿಯೇ ಮಗಳಿಗೆ ಗುರು. ಮುಂದೆ ಕೈಯಲ್ಲಿದ್ದದ್ದೆಲ್ಲ ಕರಗಿ, ಇಡೀ ಕುಟುಂಬ ಊರೂರು ಅಲೆದು ಪುರಾಣ ಓದಿ ಹೊಟ್ಟೆ ಹೊರೆಯತೊಡಗಿತು. 1870ರ ದಶಕದ ಬರ ಬಂದಾಗ ಸೊಪ್ಪು ತಿಂದು ದಿನ ಕಳೆದರು. ತಂದೆ ತೀರಿಕೊಂಡರು, ಬೆನ್ನಿಗೇ ತಾಯಿ. ತಾಯಿಯ ಹೆಣ ಹೊರಲು ಜನ ಸಿಗಲಿಲ್ಲ. ಕೊನೆಗೆ ಇಬ್ಬರು ಕನಿಕರಪಟ್ಟು ಬಂದರು, ಅಣ್ಣ ಮೂರನೆಯವನು, ನಾಲ್ಕನೆಯ ಹೆಗಲು ರಮಾಬಾಯಿಯದಾಗಬೇಕಿತ್ತು. ಆಕೆ ಗಿಡ್ಡ. ಹೆಗಲು ಎಟುಕದೆ ಚಟ್ಟವನ್ನು ತಲೆಯ ಮೇಲೆ ಹೊತ್ತು ಮಸಣದವರೆಗೆ ನಡೆದಳು. ತನ್ನದೇ ಸಮಾಜದಲ್ಲಿ ಹೊರಗಿನವಳಾಗುವುದು ಎಂದರೇನು ಎಂಬುದು ಆಕೆಗೆ ಇನ್ನೊಂದು ಧರ್ಮದ ಬಾಗಿಲಿಗೆ ಬರುವ ಮೊದಲೇ ಗೊತ್ತಿತ್ತು.

ಅಣ್ಣ ತಂಗಿ ದೇಶದ ಉದ್ದಗಲ ನಡೆದು 1878ರಲ್ಲಿ ಕಲ್ಕತ್ತ ಮುಟ್ಟಿದರು. ಪಂಡಿತರು ಪರೀಕ್ಷಿಸಿ, ಬೆರಗಾಗಿ, ಆಕೆಗೆ ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದು ಕೊಟ್ಟರು. ಅಲ್ಲಿಯೇ ಮೊದಲ ಬಾರಿಗೆ ಕ್ರೈಸ್ತರ ಒಂದು ಕೂಟಕ್ಕೆ ಕರೆ ಬಂತು. ಈ ಪ್ರಸಂಗವನ್ನು ರಮಾಬಾಯಿ ಮುಂದೆ ತಾನೇ ಬರೆದಿದ್ದಾಳೆ, ಓದಿ ನಾನು ಒಬ್ಬಳೇ ನಕ್ಕೆ. ನಮ್ಮವರೇ ಇಂಗ್ಲಿಷರ ಉಡುಪು ತೊಟ್ಟು, ಇಂಗ್ಲಿಷರ ಜೊತೆ ಕೂತು ಚಹಾ ಬಿಸ್ಕತ್ತು ತಿನ್ನುವುದನ್ನು ನೋಡಿ, ಕಲಿಯುಗ ಪೂರ್ತಿ ಬಂದೇಬಿಟ್ಟಿತು ಎಂದು ಅಣ್ಣ ತಂಗಿಗೆ ಖಾತ್ರಿಯಾಯಿತು. ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ಕಣ್ಣು ಮುಚ್ಚಿ ಕುರ್ಚಿಗಳ ಮುಂದೆ ಮೊಣಕಾಲೂರಿದರು. ಎದುರಿಗೆ ಮೂರ್ತಿ ಇಲ್ಲ, ಪಟವಿಲ್ಲ. ಇವರು ಕುರ್ಚಿಯನ್ನೇ ಪೂಜಿಸುತ್ತಾರೆ ಎಂದುಕೊಂಡಳು ರಮಾಬಾಯಿ. ಹೊರಡುವಾಗ ಸಂಸ್ಕೃತದ ಬೈಬಲ್ ಕೈಗಿಟ್ಟರು, ಅದರ ಭಾಷೆಯೇ ವಿಚಿತ್ರವೆನಿಸಿ ಬದಿಗಿಟ್ಟಳು. ಕರೆದವರು ಪ್ರೀತಿಯಿಂದಲೇ ಕರೆದಿದ್ದರು. ಏನು ನಡೆಯುತ್ತಿದೆ ಎಂಬುದನ್ನು ಬಂದವಳಿಗೆ ವಿವರಿಸಬೇಕು ಎಂದು ಮಾತ್ರ ಯಾರಿಗೂ ಹೊಳೆದಂತಿಲ್ಲ. ಎಲ್ಲರಿಗಿಂತ ತಡವಾಗಿ ಎದ್ದು ನಿಲ್ಲುತ್ತಿದ್ದ ನನಗೆ ಆ ಕುರ್ಚಿಗಳು ಚೆನ್ನಾಗಿ ಅರ್ಥವಾದವು.

ಮುಂದಿನ ನಾಲ್ಕು ವರ್ಷ ಬಿರುಗಾಳಿ. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಅವರನ್ನು ರಮಾಬಾಯಿ ಮದುವೆಯಾದಳು. 1881ರಲ್ಲಿ ಮಗಳು ಮನೋರಮಾ, 1882ರ ಫೆಬ್ರುವರಿಯಲ್ಲಿ ಕಾಲರಾಕ್ಕೆ ಗಂಡ ಬಲಿ. ಇಪ್ಪತ್ತಮೂರರ ವಿಧವೆ ಕೈಗೂಸಿನೊಂದಿಗೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದಳು, ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರು, ವೈದ್ಯೆಯರು ಬೇಕೆಂದು ಹೇಳಿಕೆ ಕೊಟ್ಟಳು. ಸಿಲ್ಚಾರಿನ ಮನೆಯಲ್ಲಿ ಹಿಂದೆ ಕೈಗೆ ಸಿಕ್ಕಿದ್ದ ಬಂಗಾಳಿಯ ಲೂಕನ ಸುವಾರ್ತೆ ಮನಸ್ಸಿನಲ್ಲಿ ಕೂತಿತ್ತು. ಪುಣೆಯಲ್ಲಿ ಆಂಗ್ಲಿಕನ್ ಸಭೆಯ ಸಿಸ್ಟರ್‌ಗಳ ಪರಿಚಯವಾಯಿತು. ವೈದ್ಯಕೀಯ ಓದುವ ಆಸೆಯಿಂದ, ತನ್ನದೇ ಪುಸ್ತಕ ಸ್ತ್ರೀಧರ್ಮನೀತಿ ಮಾರಿದ ಹಣದಲ್ಲಿ ಟಿಕೆಟ್ ಕೊಂಡು 1883ರಲ್ಲಿ ಇಂಗ್ಲೆಂಡಿಗೆ ಹೊರಟಳು. ಕಿವಿ ಮಂದವಾಗುತ್ತಿದ್ದುದರಿಂದ ಡಾಕ್ಟರಾಗುವ ಆಸೆ ಅಲ್ಲಿಗೇ ಮುಗಿಯಿತು.

ವಾಂಟೇಜ್ ಎಂಬ ಊರಿನ ಸೇಂಟ್ ಮೇರಿ ಮಠದ ಸಿಸ್ಟರ್‌ಗಳು ಈ ತಾಯಿ ಮಗಳಿಗೆ ಆಸರೆ ಕೊಟ್ಟರು. ಜೊತೆಗೆ ಬಂದಿದ್ದ ಗೆಳತಿ ಆನಂದಿಬಾಯಿ ಭಗತ್ ಅಲ್ಲಿ ತನ್ನ ಜೀವ ತಾನೇ ಕಳೆದುಕೊಂಡಳು. ಆ ದುಃಖ ಆರುವ ಮೊದಲೇ, 1883ರ ಸೆಪ್ಟೆಂಬರ್ 29ರಂದು, ರಮಾಬಾಯಿ ಮತ್ತು ಮನೋರಮಾ ದೀಕ್ಷಾಸ್ನಾನ ಪಡೆದರು. ಪರದೇಶದಲ್ಲಿ, ಬೇರೆಯವರ ಅನ್ನ ತಿನ್ನುತ್ತ, ಗೆಳತಿಯನ್ನು ಕಳೆದುಕೊಂಡ ಹೊತ್ತಿನಲ್ಲಿ ತೆಗೆದುಕೊಂಡ ತೀರ್ಮಾನ ಎಷ್ಟು ಸ್ವತಂತ್ರ ಎಂದು ನಾನೂ ಯೋಚಿಸಿದೆ. ಆದರೆ ಆಮೇಲೆ ಆಕೆ ನಡೆದುಕೊಂಡ ರೀತಿ ನೋಡಿದರೆ, ಯಾರೋ ತಳ್ಳಿದ್ದಕ್ಕೆ ನೀರಿಗಿಳಿದ ಹೆಂಗಸಲ್ಲ ಎನಿಸುತ್ತದೆ.

ಆಕೆಯನ್ನು ಹಿಡಿದು ನಿಲ್ಲಿಸಿದ್ದು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಅದೇ ಸಿಸ್ಟರ್‌ಗಳು ನಡೆಸುತ್ತಿದ್ದ ಒಂದು ಮನೆ. ಸಮಾಜ ದಾರಿ ತಪ್ಪಿದವರೆಂದು ಕರೆದು ಬೀದಿಗೆ ಬಿಟ್ಟ ಹೆಂಗಸರನ್ನು ಅಲ್ಲಿ ಇಟ್ಟುಕೊಂಡು ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದರು. ಇಂಥವರ ಮೇಲೆ ಯಾಕಿಷ್ಟು ಕರುಣೆ ಎಂದು ಕೇಳಿದಾಗ ಸಿಸ್ಟರ್ ಒಬ್ಬರು ಸಮಾರ್ಯದ ಹೆಂಗಸಿನ ಕತೆ ಓದಿ ತೋರಿಸಿದರು. ಪರಜಾತಿಯವಳು, ಐದು ಗಂಡಂದಿರನ್ನು ಕಂಡವಳು. ಅಂಥವಳ ಬಳಿ ಯೇಸು ಬಾವಿಕಟ್ಟೆಯಲ್ಲಿ ನೀರು ಕೇಳಿ ಮಾತಿಗೆ ಕೂತ ಕತೆ. ಜಾತಿಯ ಬಾವಿ ಕಂಡು ಬೆಳೆದ ರಮಾಬಾಯಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಲ್ಕತ್ತದ ಚಹಾ ಬಿಸ್ಕತ್ತು ಮಾಡಲಾರದ್ದನ್ನು ಈ ಮನೆ ಮಾಡಿತು.

ಒಳಗೆ ಬಂದಾಯಿತು. ಜಗಳ ಶುರುವಾದದ್ದು ಆಮೇಲೆ. ನನಗೆ ಈ ಬದುಕಿನಲ್ಲಿ ಅತ್ಯಂತ ಹತ್ತಿರವೆನಿಸಿದ ಭಾಗ ಇದು.

ಸಿಸ್ಟರ್ ಜೆರಾಲ್ಡಿನ್ ಆಕೆಯ ಧರ್ಮಮಾತೆ. ರಮಾಬಾಯಿ ಅವರನ್ನು ಪ್ರೀತಿಯಿಂದ ಆಜೀಬಾಯಿ, ಅಂದರೆ ಅಜ್ಜಿ, ಎಂದೇ ಪತ್ರ ಬರೆಯುತ್ತಿದ್ದಳು. ಆ ಪತ್ರಗಳಲ್ಲೇ ಕಾದಾಟ. ತ್ರಿಯೇಕ ದೇವರೆಂಬುದು ತನಗೆ ತಿಳಿಯುವುದಿಲ್ಲ, ತಿಳಿಯದ್ದನ್ನು ನಂಬಿದ್ದೇನೆ ಎಂದು ಹೇಳಲಾರೆ ಎಂದಳು. ಒಂದು ಪುರೋಹಿತ ವರ್ಗದ ನೊಗ ಈಗಷ್ಟೇ ಇಳಿಸಿ ಬಂದಿದ್ದೇನೆ, ಇನ್ನೊಂದಕ್ಕೆ ಕೊರಳು ಕೊಡುವುದಿಲ್ಲ ಎಂಬುದು ಆಕೆಯ ನಿಲುವು. ತನಗೆ ಕೊಟ್ಟ ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಯಾಕಿರಬೇಕು, ಅದು ನಮ್ಮ ಸಂಸ್ಕೃತಕ್ಕಿಂತ ಪವಿತ್ರವೇ ಎಂದು ಕೇಳಿದಳು. ಮೊಟ್ಟೆ ಹಾಕಿದ ಪುಡ್ಡಿಂಗ್ ಮುಟ್ಟಲಿಲ್ಲ. ಸಿಸ್ಟರ್‌ಗೆ ಅದರಲ್ಲಿ ಕಂಡದ್ದು ಬ್ರಾಹ್ಮಣ ಜಾತಿಯ ಅಹಂಕಾರ. ರಮಾಬಾಯಿಗೆ ಅದು ತನ್ನ ಊಟ, ಅಷ್ಟೇ. ಕ್ರೈಸ್ತಳಾಗುವುದಕ್ಕೆ ಇಂಗ್ಲಿಷ್ ಹೆಂಗಸಾಗಬೇಕೆಂಬ ಕಟ್ಟಳೆ ಎಲ್ಲಿದೆ ಎಂಬುದೇ ಈ ಎಲ್ಲ ತಕರಾರುಗಳ ಒಳಗಿನ ಪ್ರಶ್ನೆ.

ಸಿಸ್ಟರ್ ಜೆರಾಲ್ಡಿನ್ ಕೆಟ್ಟವರೆಂದು ನನಗೆ ಅನಿಸುವುದಿಲ್ಲ. ಆಕೆಗೂ ಮಗುವಿಗೂ ಅವರು ಸೂರು ಕೊಟ್ಟವರು. ಇಷ್ಟೆಲ್ಲ ಜಗಳ ನಮಗೆ ಗೊತ್ತಾಗಿರುವುದೂ ಅವರು ಆ ಪತ್ರಗಳನ್ನು ಒಂದೂ ಹರಿಯದೆ ಜೋಪಾನ ಮಾಡಿದ್ದರಿಂದಲೇ. 1977ರಲ್ಲಿ ಅವು ಪುಸ್ತಕವಾಗಿ ಬಂದವು. ಆದರೆ ಅವರು ಬರಮಾಡಿಕೊಂಡದ್ದು ತಾವು ತಿದ್ದಬೇಕಾದ ಒಬ್ಬ ಶಿಷ್ಯೆಯನ್ನು. ಬಂದದ್ದು ಪಂಡಿತೆ.

ಅದೇ ಸಭೆಯ ಇನ್ನೊಬ್ಬ ಹೆಂಗಸು ಬೇರೆ ರೀತಿ ನಡೆದುಕೊಂಡರು. ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನ ಪ್ರಿನ್ಸಿಪಾಲ್ ಡೊರೊಥಿಯಾ ಬೀಲ್ ರಮಾಬಾಯಿಯನ್ನು ಕಾಲೇಜಿಗೆ ಸೇರಿಸಿಕೊಂಡರು. ಆಕೆ ಅಲ್ಲಿ ಗಣಿತ, ವಿಜ್ಞಾನ ಕಲಿತಳು, ಸಂಸ್ಕೃತ ಕಲಿಸಿದಳು. ವಿದ್ಯಾರ್ಥಿನಿಯೂ ಹೌದು, ಅಧ್ಯಾಪಕಿಯೂ ಹೌದು. ಧರ್ಮದ ಸಂದೇಹಗಳನ್ನು ಬೀಲ್ ಪಾಪವೆಂದು ನೋಡದೆ, ಕೂತು ಉತ್ತರ ಬರೆದರು. ಇಲ್ಲಿಗೆ ಬರಲಿರುವ ಗಂಡಸರಿಗೂ ರಮಾಬಾಯಿ ಭಾರತದ ಭಾಷೆಗಳನ್ನು ಕಲಿಸಲಿ ಎಂಬ ಪ್ರಸ್ತಾಪ ಬಂದಾಗ, ಅದು ಹೆಣ್ಣಿಗೆ ತಕ್ಕದ್ದಲ್ಲ, ಊರಿಗೆ ಹೋದ ಮೇಲೆ ಆಕೆಯ ಹೆಸರಿಗೆ ಕುಂದು ಎಂದು ಭಾರತದಲ್ಲಿದ್ದ ಬಿಷಪ್‌ಗಳು ತಡೆದರು. ಕಲ್ಕತ್ತದ ಪಂಡಿತರ ಸಭೆಯಲ್ಲಿ ಗಂಡಸರ ಮುಂದೆ ಶಾಸ್ತ್ರ ಹೇಳಿದವಳಿಗೆ ಈ ಮಾತು ಹೇಗೆ ಕೇಳಿಸಿರಬೇಕು ಊಹಿಸಿಕೊಳ್ಳಿ.

1886ರಲ್ಲಿ ಆಕೆ ಅಮೆರಿಕಕ್ಕೆ ಹೋದಳು. ಫಿಲಡೆಲ್ಫಿಯಾದಲ್ಲಿ ಆನಂದಿಬಾಯಿ ಜೋಶಿ ಡಾಕ್ಟರ್ ಆಗುವುದನ್ನು ನೋಡಲು ಹೊರಟವಳು ಮೂರು ವರ್ಷ ಅಲ್ಲಿ ಸುತ್ತಿದಳು. ಮೇಲ್ಜಾತಿಯ ಹಿಂದೂ ಹೆಂಗಸರ ಬಾಳಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1887ರಲ್ಲಿ ಬಂತು. ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು, ಹತ್ತು ವರ್ಷ ಹಣ ಕೊಡುವುದಾಗಿ ಒಪ್ಪಿತು. ಒಂದೇ ಬೆಂಚಿನಲ್ಲಿ ಕೂರಲು ಹಿಂಜರಿಯುವ ಬೇರೆ ಬೇರೆ ಸಭೆಗಳ ಕ್ರೈಸ್ತರು ಅದರಲ್ಲಿ ಒಟ್ಟಿಗಿದ್ದರು. ಇಷ್ಟೊಂದು ಪಂಗಡಗಳನ್ನು ಕಂಡು ತಲೆಕೆಟ್ಟಿದ್ದ ರಮಾಬಾಯಿ ತಾನು ಯಾವ ಪಂಗಡಕ್ಕೂ ಸೇರದೆ ಕ್ರಿಸ್ತನ ಹೆಸರಿನಲ್ಲಷ್ಟೇ ಉಳಿಯುವುದೆಂದು ತೀರ್ಮಾನಿಸಿದ್ದಳು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ನನ್ನ ನೋಟ್ಸಿನ ಆ ಒಂದು ಸಾಲು. ಈಗ ಬಾಗಿಲು ಕಾಯುವ ಸರದಿ ಆಕೆಯದು. ಬಾಲವಿಧವೆಯರಿಗೆ ಓದು, ಕೆಲಸ ಕಲಿಸುವ ಮನೆ. ಅವರವರ ಜಾತಿಯ ಅಡುಗೆ, ಅವರವರ ಪೂಜೆ, ಯಾವುದಕ್ಕೂ ಅಡ್ಡಿಯಿಲ್ಲ ಎಂದು ಕಟ್ಟುಮಾಡಿದಳು. ಮೊದಲ ವಿದ್ಯಾರ್ಥಿನಿಯರಲ್ಲಿದ್ದ ಗೋದೂಬಾಯಿ ಮುಂದೆ ಧೋಂಡೊ ಕೇಶವ ಕರ್ವೆಯವರನ್ನು ಮದುವೆಯಾದಳು, ಹಿಂದೂವಾಗಿಯೇ ಉಳಿದಳು. ಪುಡ್ಡಿಂಗ್‌ಗಾಗಿ ಬೈಸಿಕೊಂಡವಳು ತನ್ನ ಮನೆಗೆ ಬಂದವರ ತಟ್ಟೆಗೆ ಕೈ ಹಾಕಲಿಲ್ಲ ಎಂಬುದು ನನಗೆ ತುಂಬ ಹಿಡಿಸಿತು.

ಆದರೆ ತನ್ನ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥನೆ ಮಾಡುವಾಗ ರಮಾಬಾಯಿ ಬಾಗಿಲು ಮುಚ್ಚುತ್ತಿರಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕೂರತೊಡಗಿದರು. ಅಷ್ಟರಲ್ಲಿ ಸದನ ಪುಣೆಗೆ ಬಂದಿತ್ತು. ಸುದ್ದಿ ಹಬ್ಬಿತು, ತಿಲಕರ ಕೇಸರಿ ಪತ್ರಿಕೆ ಕೆಂಡ ಕಾರಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೂ ಸಲಹಾ ಮಂಡಳಿ ಬಿಟ್ಟರು. ಹಲವು ಪೋಷಕರು ಮಕ್ಕಳನ್ನು ಕರೆದೊಯ್ದರು. ತೆರೆದ ಬಾಗಿಲು ಒಂದು ಬಲೆ ಎಂದು ಅವರ ವಾದ. ಕರೆಯಲಿಲ್ಲ, ತಡೆಯಲೂ ಇಲ್ಲ ಎಂದು ಆಕೆಯ ವಾದ. ನನಗೆ ಎರಡೂ ಕಡೆ ಸ್ವಲ್ಪ ಸ್ವಲ್ಪ ಸರಿ ಎನಿಸುತ್ತದೆ. ಅನ್ನ ಕೊಡುವವಳ ಕೋಣೆಯ ಬಾಗಿಲು ಹುಡುಗಿಯರಿಗೆ ಬರೀ ಬಾಗಿಲಾಗಿ ಕಾಣುವುದಿಲ್ಲ. ಹಾಗೆಂದು ಆಕೆ ತನ್ನದೇ ಮನೆಯಲ್ಲಿ ಚಿಲಕ ಹಾಕಿಕೊಂಡು ಪ್ರಾರ್ಥಿಸಬೇಕಿತ್ತೇ?

1896ರ ಬರದ ನಂತರ ಕತೆ ಬದಲಾಯಿತು. ಬರ ಎಂದರೆ ಏನೆಂದು ಸೊಪ್ಪು ತಿಂದು ತಿಳಿದವಳು ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಪುಣೆ ಸಮೀಪದ ಕೇಡಗಾಂವಿಗೆ ಕರೆತಂದಳು. ಅದೇ ಮುಕ್ತಿ. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿ ಸುಮಾರು 2000 ಹೆಂಗಸರು ಮಕ್ಕಳಿದ್ದರು. ಜಾತಿಯ ಅಡುಗೆಮನೆಗಳ ಕಾಲ ಮುಗಿದಿತ್ತು. ಇದು ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ, ಬಂದವರಲ್ಲಿ ಬಹಳ ಮಂದಿ ಕ್ರೈಸ್ತರಾದರು. ಹಸಿದು ಬಂದ ಮಗುವಿಗೆ ಅಲ್ಲಿ ಆಯ್ಕೆ ಎಷ್ಟಿತ್ತು ಎಂಬ ಪ್ರಶ್ನೆಯನ್ನು ಆಕೆಯ ಮೇಲಿನ ಗೌರವದಿಂದ ನಾನು ನುಂಗಿಕೊಳ್ಳಲಾರೆ. ಸ್ವತಃ ರಮಾಬಾಯಿಯೇ ಆಜೀಬಾಯಿಗೆ ಇಂಥ ಪ್ರಶ್ನೆಗಳನ್ನು ಬಿಡಲಿಲ್ಲವಲ್ಲ. ಜೊತೆಗೇ ಇದನ್ನೂ ಹೇಳಬೇಕು: ಫುಲ್‌ಹ್ಯಾಮ್‌ನಲ್ಲಿ ಕಂಡಂಥದೇ ಒಂದು ಮನೆಯನ್ನು ಮುಕ್ತಿಯಲ್ಲಿ ಕೃಪಾ ಸದನ ಎಂದು ಕಟ್ಟಿದಳು. ಕುರುಡ ಹೆಣ್ಣುಮಕ್ಕಳಿಗೆ ಮನೋರಮಾ ಬ್ರೈಲ್ ಕಲಿಸಿದಳು. ಯಾವ ಮನೆಗೂ ಬೇಡವಾದ ಮುದುಕಿಯರಿಗೂ ಒಂದು ಸೂರಿತ್ತು. ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವವರು, ಯಂತ್ರ ತಿರುಗಿಸುವವರು ಎಲ್ಲ ಹೆಂಗಸರೇ. ಸೀರೆ ಬಿಳಿಯದು, ಊಟ ನಮ್ಮದು.

ಕೊನೆಯ ವರ್ಷಗಳು ಬೈಬಲ್ ಅನುವಾದಕ್ಕೆ. ಸಂಸ್ಕೃತದ ಬೈಬಲ್ ಒಮ್ಮೆ ತನ್ನನ್ನು ಬಾಗಿಲಲ್ಲೇ ನಿಲ್ಲಿಸಿದ್ದು ಆಕೆಗೆ ಮರೆತಿರಲಿಕ್ಕಿಲ್ಲ. ಇಳಿವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೆ ತಿಳಿಯುವ ಸರಳ ಮರಾಠಿಗೆ ತಾನೇ ತರತೊಡಗಿದಳು. 1921ರಲ್ಲಿ ಮನೋರಮಾ ತೀರಿಕೊಂಡಳು. 1922ರ ಏಪ್ರಿಲ್ 5ರಂದು ರಮಾಬಾಯಿ. ಆಕೆಯ ಮುದ್ರಣಾಲಯದ ಹೆಂಗಸರೇ ಜೋಡಿಸಿದ ಆ ಬೈಬಲ್ ಆಮೇಲೆ ಹೊರಬಂತು.

ಇದನ್ನೆಲ್ಲ ಒಂದು ರಾತ್ರಿ ರೂಮ್‌ಮೇಟ್‌ಗೆ ಹೇಳಿದೆ. ಹುಟ್ಟಿನಿಂದ ಚರ್ಚಿಗೆ ಹೋಗುವ ಅವಳಿಗೂ ರಮಾಬಾಯಿ ಎಂದರೆ ಒಂದು ಹೆಸರು ಮಾತ್ರವಾಗಿತ್ತು. ಕುರ್ಚಿಯ ಕತೆಗೆ ಬಿದ್ದು ಬಿದ್ದು ನಕ್ಕಳು. ಪುಡ್ಡಿಂಗಿನ ಕತೆ ಮುಗಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ನೀನು ಬರುವುದು ಬಿಟ್ಟದ್ದು ಆ ಮೂರನೇ ಪ್ರಶ್ನೆಗಾ ಎಂದು ಕೇಳಿದಳು. ಹೌದೆಂದೆ. ಮುಂದಿನ ವಾರದ ಅಧ್ಯಯನದಲ್ಲಿ ಮಾತಾಡುವ ಸರದಿ ಅವಳದಂತೆ. ರಮಾಬಾಯಿಯ ಪತ್ರಗಳ ಬಗ್ಗೆ ಹೇಳುತ್ತೇನೆ, ನೀನೂ ಬಾ, ಪ್ರಶ್ನೆಯನ್ನೂ ತಾ ಎಂದಿದ್ದಾಳೆ. ಮೇನ್ಸ್‌ಗೆ ಇನ್ನು ಹದಿನೆಂಟು ದಿನ ಇದೆ. ಆದರೂ ಆ ಒಂದು ಸಂಜೆ ಹೋಗಿಬರೋಣ ಎಂದುಕೊಂಡಿದ್ದೇನೆ.